ಹಸಿಯದೊಂದು ಮದ್ದು, ಒಣಗಿದ್ದೊಂದು ಮದ್ದು

"ಯಾರಿಗೆ ಮೇಡಂ? ಯಾತಕ್ಕೆ?"

ಕಾಲು ಕೆಜಿ ಒಣಶುಂಠಿ ಕೇಳಿದ್ದಕ್ಕೆ ಅಂಗಡಿಯ ಹಿರಿಯರಿಂದ ಬಂದ ಮರುಪ್ರಶ್ನೆ ಇದು. ಶಿವಮೊಗ್ಗದ ಗಾಂಧಿ ಬಜಾರಿನ ಹಳೆಯ ಗ್ರಂಥಿಗೆ ಅಂಗಡಿ. ಗಲ್ಲಾಪೆಟ್ಟಿಗೆಯ ಆಚೆ ಅಪ್ಪನ ಕಾಲದಿಂದ ಬೇರು, ತೊಗಟೆ, ಕಾಯಿಗಳನ್ನು ತೂಗುತ್ತ ಬಂದವರು; ಈಚೆ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವ ಅಧ್ಯಾಪಕಿ. ಆಷಾಢದ ಮಳೆಗೆ ಗಿರಾಕಿಗಳು ಕಡಿಮೆ, ಮಾತಿಗೆ ಬಿಡುವಿತ್ತು.

"ತಂಗಿಗೆ ಈಗ ಮೂರು ತಿಂಗಳು. ಬೆಳಗ್ಗೆ ಎದ್ದರೆ ವಾಕರಿಕೆ. ಶುಂಠಿ ಕೊಡು ಅಂತ ಅಮ್ಮ ಹೇಳಿದರು. ಅದರಲ್ಲಿ ಕೇಳೋದೇನಿದೆ ಯಜಮಾನ್ರೇ? ಹಸಿಯಾದರೇನು, ಒಣಗಿದ್ದಾದರೇನು, ಶುಂಠಿ ಶುಂಠಿಯೇ ಅಲ್ಲವೇ?"

"ಅಲ್ಲ. ನಿಮಗಿಂತ ಮುಂಚೆ ಒಬ್ಬರು ಬಂದಿದ್ದರು. ಹೊಟ್ಟೆ ಕಟ್ಟಿದೆ, ಒಣಶುಂಠಿ ಕೊಡಿ ಅಂದರು. ತರಕಾರಿ ಅಂಗಡಿಗೆ ಹೋಗಿ ಹಸಿಶುಂಠಿ ತಗೊಳ್ಳಿ ಅಂತ ಕಳಿಸಿದೆ. ಅವರಿಗೆ ಭೇದಿಯಾಗಿದ್ದರೆ ನಾನೇ ಇಲ್ಲಿಂದ ಕಟ್ಟಿಕೊಡುತ್ತಿದ್ದೆ. ಹಸಿಯದು ಕಟ್ಟಿದ್ದನ್ನು ಬಿಡಿಸುತ್ತೆ, ಒಣಗಿದ್ದು ಬಿಟ್ಟಿದ್ದನ್ನು ಹಿಡಿಯುತ್ತೆ. ನಮ್ಮ ಪಂಡಿತರು ಚೀಟಿ ಬರೆಯುವಾಗಲೂ ಎರಡನ್ನು ಬೇರೆ ಬೇರೆ ಹೆಸರಿನಲ್ಲೇ ಬರೆಯೋದು. ಹಸಿಯದಕ್ಕೆ ಆರ್ದ್ರಕ, ಒಣಗಿದ್ದಕ್ಕೆ ಶುಂಠಿ ಅಥವಾ ನಾಗರ."

ಇದು ಅಂಗಡಿಯ ಗಾದಿಯಲ್ಲಿ ಹುಟ್ಟಿದ ಮಾತಲ್ಲ. 16ನೇ ಶತಮಾನದಲ್ಲಿ ಭಾವಮಿಶ್ರ ಬರೆದ 'ಭಾವಪ್ರಕಾಶ' ಇವೆರಡನ್ನೂ ಪ್ರತ್ಯೇಕವಾಗಿ ವಿವರಿಸುತ್ತದೆ. ಒಣಶುಂಠಿ ಗ್ರಾಹಿ, ಅಂದರೆ ಮಲದ ನೀರನ್ನು ಹೀರಿ ಗಟ್ಟಿ ಮಾಡುವಂಥದ್ದು. ಹಸಿಶುಂಠಿ ಭೇದಿನಿ, ಕಟ್ಟಿದ್ದನ್ನು ಒಡೆಯುವಂಥದ್ದು. ಚೀನಾದ ಸಾಂಪ್ರದಾಯಿಕ ವೈದ್ಯವೂ ತನ್ನದೇ ದಾರಿಯಲ್ಲಿ ನಡೆದು ಹಸಿಶುಂಠಿ, ಒಣಶುಂಠಿಗಳನ್ನು ಎರಡು ಮದ್ದುಗಳಾಗಿ ಎಣಿಸಿತು. ಅಲ್ಲಿ ವಾಂತಿ, ಶೀತಗಳಿಗೆ ಹಸಿಯದು. ಒಳಗಿನ ಚಳಿ ಬಿಡಿಸುವುದಕ್ಕೆ ಒಣಗಿದ್ದು.

ಅಧ್ಯಾಪಕಿಯ ಮುಖದಲ್ಲಿ ಕುತೂಹಲ ಮೂಡಿತು. "ನೀವು ಹೇಳಿದ್ದಕ್ಕೆ ರಸಾಯನಶಾಸ್ತ್ರದಲ್ಲಿ ಒಂದು ಆಧಾರ ಇದೆ. ಹಸಿಶುಂಠಿಯ ಖಾರಕ್ಕೆ ಕಾರಣ ಜಿಂಜೆರಾಲ್ ಅನ್ನೋ ವಸ್ತು. ಒಣಗಿಸುವಾಗ, ಬಿಸಿ ಮಾಡುವಾಗ ಅದರ ಒಂದು ಭಾಗ ನೀರಿನ ಅಣುವನ್ನು ಕಳೆದುಕೊಂಡು ಶೋಗಾಲ್ ಆಗುತ್ತೆ. ಶೋಗಾಲ್ ಖಾರ ಜಿಂಜೆರಾಲ್‌ಗಿಂತ ಜಾಸ್ತಿ. ಅದೇ ಹಸಿಶುಂಠಿಯನ್ನು ಸಾರಿಗೆ ಹಾಕಿ ಬೇಯಿಸಿದರೆ ಸ್ವಲ್ಪ ಜಿಂಜೆರೋನ್ ಆಗುತ್ತೆ. ಅದರ ಖಾರ ಕಡಿಮೆ, ಸುವಾಸನೆ ಸಿಹಿ. ಅಂದರೆ ಒಂದೇ ಗಡ್ಡೆ, ಹಸಿಯಲ್ಲಿ ಒಂದು, ಒಣಗಿದಾಗ ಇನ್ನೊಂದು, ಬೆಂದಾಗ ಮತ್ತೊಂದು. ಹೊಟ್ಟೆ ಕಟ್ಟೋದು, ಬಿಡಿಸೋದು ಪೂರ್ತಿ ಇದರಿಂದಲೇ ಅಂತ ನಾನು ಹೇಳಲಾರೆ. ಆದರೆ ಎರಡೂ ಒಂದೇ ವಸ್ತುವಲ್ಲ ಅನ್ನೋದು ಖಂಡಿತ."

"ಅದಕ್ಕೇ ಒಣಶುಂಠಿ ಕಷಾಯ ಗಂಟಲಲ್ಲಿ ಅಷ್ಟು ಹೊತ್ತು ಉರಿಯೋದು!"

"ಹೌದು. ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಎಬ್ಬಿಸುವ ನರದ ಗ್ರಾಹಕಗಳನ್ನೇ ಇವೂ ಎಬ್ಬಿಸೋದು. ಮೈ ಬೆಚ್ಚಗಾದ ಹಾಗೆ ಅನ್ನಿಸೋದು ಅದರಿಂದ."

ಅರಿಶಿನ, ಏಲಕ್ಕಿಗಳ ಕುಟುಂಬಕ್ಕೇ ಸೇರಿದ ಶುಂಠಿಯಲ್ಲಿ ನಾವು ಬೇರೆಂದು ಕರೆಯುವುದು ನಿಜವಾಗಿ ನೆಲದೊಳಗೆ ಅಡ್ಡಡ್ಡ ಬೆಳೆಯುವ ಕಾಂಡ. ಕಾಡಿನಲ್ಲಿ ತಾನಾಗಿ ಬೆಳೆದ ಶುಂಠಿ ಈಗ ಎಲ್ಲೂ ಸಿಗುವುದಿಲ್ಲ. ಬೀಜ ಕಟ್ಟುವುದಿಲ್ಲವಾದ್ದರಿಂದ ಗಡ್ಡೆಯ ತುಂಡನ್ನೇ ಊರಿ, ಕೈಯಿಂದ ಕೈಗೆ ದಾಟಿಸುತ್ತ ಜನ ಇದನ್ನು ಉಳಿಸಿಕೊಂಡು ಬಂದಿದ್ದಾರೆ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಮೆಣಸು, ಶುಂಠಿ ಹೇರಳವಾಗಿವೆ ಎಂದು ಬರೆದಿಟ್ಟ. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಶುಂಠಿ ಬೆಳೆಯುವ ದೇಶ ಭಾರತವೇ.

"ಸರಿ, ತಂಗಿಗೆ ಎಷ್ಟು ಕೊಡಬೇಕು ಅಂತಿದ್ದೀರಿ?" ಅಂಗಡಿಯವರು ಮತ್ತೆ ವಿಷಯಕ್ಕೆ ಬಂದರು.

"ಅದನ್ನು ನಾನೇ ಹೇಳ್ತೀನಿ. 2001ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ 70 ಗರ್ಭಿಣಿಯರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಒಣಶುಂಠಿ ಪುಡಿಯ ಕ್ಯಾಪ್ಸೂಲ್, ಉಳಿದವರಿಗೆ ನೋಡೋಕೆ ಹಾಗೇ ಇರುವ, ಮದ್ದಿಲ್ಲದ ಕ್ಯಾಪ್ಸೂಲ್. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಒಂದು ಸಲಕ್ಕೆ 250 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ. ಶುಂಠಿ ತಗೊಂಡ 32 ಮಂದಿಯಲ್ಲಿ 28 ಮಂದಿ ಸುಧಾರಿಸಿದೆ ಅಂದರು. ಇನ್ನೊಂದು ಗುಂಪಿನ 35 ಮಂದಿಯಲ್ಲಿ ಹಾಗಂದವರು 10 ಮಂದಿ. ಅದಾದ ಮೇಲೂ ಪ್ರಯೋಗಗಳು ನಡೆದಿವೆ. ಒಟ್ಟಿನಲ್ಲಿ ವಾಂತಿಗಿಂತ ವಾಕರಿಕೆಗೆ ಹೆಚ್ಚು ಗುಣ ಕಾಣಿಸಿದೆ."

"ಅಂದರೆ ದಿನಕ್ಕೆ ಒಂದು ಗ್ರಾಂ ಅಷ್ಟೇನಾ?" ಅಂಗಡಿಯವರು ಪುಡಿಯ ಡಬ್ಬಿ ತೆಗೆದು, ಒಂದು ಟೀ ಚಮಚದಷ್ಟು ಮಟ್ಟಸವಾಗಿ ಅಳೆದು ಪುಟ್ಟ ತಕ್ಕಡಿಗೆ ಸುರಿದರು. ಸುಮಾರು ಎರಡು ಗ್ರಾಂ ತೂಗಿತು. "ಹಾಗಾದರೆ ಅರ್ಧ ಚಮಚ, ಅದೂ ನಾಲ್ಕು ಪಾಲು ಮಾಡಿ. ಮನೆಗಳಲ್ಲಿ ಒಂದೇ ಲೋಟಕ್ಕೆ ಎರಡು ಚಮಚ ಹಾಕಿ ಕುದಿಸೋರನ್ನ ನೋಡಿದೀನಿ."

"ತಂಗಿಯನ್ನು ನೋಡ್ತಿರೋ ಡಾಕ್ಟರಿಗೂ ಹೇಳಿಯೇ ಕೊಡೋದು. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ತೂಕ ಇಳಿಯೋಕೆ ಶುರುವಾದರೆ ಅದು ಶುಂಠಿಯ ಕೈಗೆ ಬಿಡುವ ವಿಷಯವಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕು."

ಹೊಟ್ಟೆ ತೊಳಸುವುದರ ಮೇಲೆ ಶುಂಠಿಯ ಪ್ರಭಾವವನ್ನು ಆಧುನಿಕ ವಿಜ್ಞಾನ ಪರೀಕ್ಷಿಸಲು ಹೊರಟ ಕಥೆ ರೋಚಕವಾದದ್ದು. 1982ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರ ವರದಿ ಬಂತು. ಪ್ರಯಾಣದಲ್ಲಿ ಬೇಗ ವಾಂತಿ ಬರುವ 36 ವಿದ್ಯಾರ್ಥಿಗಳಿಗೆ ಕಣ್ಣು ಕಟ್ಟಿ, ತಿರುಗುವ ಕುರ್ಚಿಯಲ್ಲಿ ಕೂರಿಸಿದರು. ಕೆಲವರಿಗೆ ಶುಂಠಿ ಪುಡಿ, ಕೆಲವರಿಗೆ ವಾಂತಿ ತಡೆಯುವ ಅಂಗಡಿ ಮಾತ್ರೆ, ಕೆಲವರಿಗೆ ಬರೀ ತೋರಿಕೆಯ ಗುಳಿಗೆ. ಕುರ್ಚಿಯಲ್ಲಿ ಆರು ನಿಮಿಷ ಪೂರ್ತಿ ಕೂತವರು ಶುಂಠಿಯ ಗುಂಪಿನಲ್ಲಿ ಮಾತ್ರ ಇದ್ದರು. ಆ ಗುಂಪಿನ ಅರ್ಧದಷ್ಟು ಮಂದಿ. 1988ರಲ್ಲಿ ಡೆನ್ಮಾರ್ಕಿನವರು ಇದನ್ನು ಸಮುದ್ರಕ್ಕೇ ಒಯ್ದರು. ಅಬ್ಬರದ ಅಲೆಗಳ ನಡುವೆ 80 ನೌಕಾ ಕೆಡೆಟ್‌ಗಳಲ್ಲಿ ಒಂದು ಗ್ರಾಂ ಶುಂಠಿ ತಿಂದವರಿಗೆ ವಾಂತಿಯೂ ತಣ್ಣನೆ ಬೆವರೂ ಕಡಿಮೆಯಾದವು.

"ಆಗುಂಬೆ ಘಾಟಿ ಇಳಿಯೋ ಬಸ್ಸಿಗೆ ಹೊರಟೋರು ನಮ್ಮಲ್ಲಿ ಶುಂಠಿ ಮಿಠಾಯಿ ತಗೊಂಡೇ ಹೋಗೋದು."

"ಕೊಡಿ. ಆದರೆ 1991ರಲ್ಲಿ ಅಮೆರಿಕದಲ್ಲೇ ಇನ್ನೊಂದು ಪ್ರಯೋಗ ನಡೆದು, ತಿರುಗುವ ಕುರ್ಚಿಯ ವಾಕರಿಕೆಗೆ ಶುಂಠಿಯಿಂದ ಏನೂ ಆಗಲಿಲ್ಲ ಅಂತ ತೀರ್ಮಾನ ಬಂತು. ಹಾಗಾಗಿ ಇದು ಎಲ್ಲರಿಗೂ ಪ್ರತಿ ಸಲವೂ ಕೆಲಸ ಮಾಡುತ್ತೆ ಅನ್ನುವಂತಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ತೂಗಿ ನೋಡಿ, ಪ್ರಯಾಣದ ವಾಕರಿಕೆಗೆ ದೊಡ್ಡವರು ಹೊರಡುವ ಅರ್ಧ ಗಂಟೆ ಮುಂಚೆ 750 ಮಿಲಿಗ್ರಾಂ ಶುಂಠಿ ಪುಡಿ ತಗೋಬಹುದು ಅಂದಿದೆ. ಮುಂಚೆ ಅನ್ನೋದು ಮುಖ್ಯ. ನಿಮ್ಮ ಮಿಠಾಯಿಯನ್ನು ಬಸ್ ಹತ್ತೋಕೆ ಮೊದಲೇ ಬಾಯಿಗೆ ಹಾಕಿಕೊಳ್ಳೋದು ಒಳ್ಳೆಯದು, ತಿರುವು ಶುರುವಾದ ಮೇಲಲ್ಲ."

ಮಾತು ಅಲ್ಲಿಂದ ಜೀರ್ಣಕ್ಕೆ ಹೊರಳಿತು. ಊಟಕ್ಕೆ ಮುಂಚೆ ಉಪ್ಪು ಹಚ್ಚಿದ ಹಸಿಶುಂಠಿ ಚೂರು ಅಗಿಯುವುದು ಹಿತವೆಂದು ಭಾವಪ್ರಕಾಶ ಹೇಳುತ್ತದೆ. ಮಲೆನಾಡಿನ ಶುಂಠಿ ತಂಬುಳಿ, ನೀರುಮಜ್ಜಿಗೆಗೆ ಜಜ್ಜಿ ಹಾಕುವ ಚೂರು, ರಾಮನವಮಿ ಪಾನಕದ ಒಣಶುಂಠಿ ಪುಡಿ, ತುಪ್ಪದನ್ನದ ಮೊದಲ ತುತ್ತಿಗೆ ಬೆರೆಸುವ ಹಿಂಗ್ವಷ್ಟಕ ಚೂರ್ಣ, ಎಲ್ಲದರ ಗುರಿಯೂ ಹೊಟ್ಟೆಯೇ. 2008ರಲ್ಲಿ ತೈವಾನಿನ ವೈದ್ಯರು 24 ಆರೋಗ್ಯವಂತರಿಗೆ 1.2 ಗ್ರಾಂ ಶುಂಠಿ ಕೊಟ್ಟು, ಒಂದು ಗಂಟೆ ಬಿಟ್ಟು ಸೂಪ್ ಕುಡಿಸಿ, ಜಠರ ಎಷ್ಟು ಬೇಗ ಖಾಲಿಯಾಗುತ್ತದೆಂದು ಅಳೆದರು. ಶುಂಠಿ ತಿಂದ ದಿನ ಅರ್ಧ ಜಠರ ಖಾಲಿಯಾಗಲು ಬೇಕಾದ ಸಮಯ ಸುಮಾರು ಅರ್ಧಕ್ಕೆ ಇಳಿದಿತ್ತು.

"ಹಾಗಾದರೆ ಹೆಚ್ಚು ತಿಂದಷ್ಟೂ ಒಳ್ಳೆಯದು ಅಂತ ಜನ ಅಂದುಕೊಳ್ಳೋದರಲ್ಲಿ ತಪ್ಪೇನು?" ಅಂಗಡಿಯವರು ಬೇಕೆಂದೇ ಕೆಣಕಿದರು.

"ತಪ್ಪಿದೆ. 2012ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರಿಗೆ ಕೀಮೋ ತಗೊಳ್ತಿದ್ದ 576 ಮಂದಿಯ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ವಾಂತಿಯ ಮಾಮೂಲಿ ಮದ್ದು ಇತ್ತು. ಅದರ ಜತೆಗೆ ಕೆಲವರಿಗೆ ದಿನಕ್ಕೆ ಅರ್ಧ ಗ್ರಾಂ, ಕೆಲವರಿಗೆ ಒಂದು, ಕೆಲವರಿಗೆ ಒಂದೂವರೆ ಗ್ರಾಂ ಶುಂಠಿ. ಮೊದಲ ದಿನದ ವಾಕರಿಕೆ ಹೆಚ್ಚು ಇಳಿದದ್ದು ಅರ್ಧ ಗ್ರಾಂ ಮತ್ತು ಒಂದು ಗ್ರಾಂ ತಗೊಂಡವರಲ್ಲಿ. ಒಂದೂವರೆ ತಗೊಂಡವರಿಗೆ ಅಷ್ಟು ಗುಣ ಸಿಗಲಿಲ್ಲ."

"2020ರಲ್ಲಿ ನೋಡಬೇಕಿತ್ತು ನೀವು. ತುಳಸಿ, ದಾಲ್ಚಿನ್ನಿ, ಶುಂಠಿ, ಕರಿಮೆಣಸಿನ ಕಷಾಯ ಕುಡೀರಿ ಅಂತ ಆಯುಷ್ ಸಚಿವಾಲಯ ಹೇಳಿದ್ದೇ ಹೇಳಿದ್ದು, ಅಂಗಡಿ ಮುಂದೆ ಸಾಲು. ದಿನಕ್ಕೆ ಒಂದೋ ಎರಡೋ ಸಲ ಅಂದದ್ದನ್ನು ಯಾರೂ ಓದಲಿಲ್ಲ. ಐದಾರು ಲೋಟ ಕುಡಿದು, ಎದೆಯುರಿ, ಬಾಯಿಹುಣ್ಣು ಅಂತ ಮತ್ತೆ ನನ್ನ ಹತ್ತಿರವೇ ಜ್ಯೇಷ್ಠಮಧು ಕೇಳಿಕೊಂಡು ಬಂದರು. ಬೇಡ ಅನ್ನೋದನ್ನೂ ಶಾಸ್ತ್ರವೇ ಹೇಳಿದೆ, ಆದರೆ ಅದನ್ನ ಯಾರೂ ಕೇಳಲ್ಲ."

"ಏನು ಹೇಳಿದೆ?"

"ಚರ್ಮರೋಗ, ರಕ್ತಹೀನತೆ, ಉರಿಮೂತ್ರ, ಹುಣ್ಣು, ಜ್ವರ, ಮೈಯುರಿ ಇರೋರಿಗೆ ಹಸಿಶುಂಠಿ ಬೇಡ. ಮೈಯಿಂದ ರಕ್ತ ಹೋಗುವ ರಕ್ತಪಿತ್ತಕ್ಕೂ ಬೇಡ. ಬೇಸಗೆಯಲ್ಲಿ, ಶರದೃತುವಿನಲ್ಲಿ ಬೇಡ. ಎಲ್ಲ ಭಾವಪ್ರಕಾಶದಲ್ಲೇ ಇದೆ."

ಅಧ್ಯಾಪಕಿ ಪುಸ್ತಕ ತೆಗೆದು ಬರೆದುಕೊಂಡರು. "ರಕ್ತದ ಮಾತು ಬಂತಲ್ಲ, ನಮ್ಮ ಎಚ್ಚರಿಕೆಯೂ ಅಲ್ಲೇ ಇದೆ. ಪ್ರಯೋಗಾಲಯದಲ್ಲಿ ಶುಂಠಿಯ ಅಂಶಗಳು ರಕ್ತದ ಕಿರುತಟ್ಟೆಗಳು ಅಂಟಿಕೊಳ್ಳೋದನ್ನು ತಗ್ಗಿಸುತ್ತವೆ. ಹೃದಯದ ಕವಾಟ ಬದಲಾಯಿಸಿದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರೋರು ವಾರ್ಫರಿನ್ ತಗೊಳ್ತಾರೆ. ಅದರ ಜತೆ ಶುಂಠಿ ಸೇರಿದಾಗ ರಕ್ತ ಅತಿಯಾಗಿ ತೆಳುವಾದ ಪ್ರಸಂಗಗಳು ವರದಿಯಾಗಿವೆ. ಆರೋಗ್ಯವಂತರ ಮೇಲೆ ಮಾಡಿದ ಸಣ್ಣ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಚಹಾಕ್ಕೆ ಜಜ್ಜಿ ಹಾಕುವ ಒಂದು ಚೂರಿಗೆ ಹೆದರಬೇಕಿಲ್ಲ. ಆದರೆ ಮದ್ದಿನ ಪ್ರಮಾಣದಲ್ಲಿ ದಿನವೂ ತಗೊಳ್ಳೋರು, ಆಪರೇಷನ್‌ಗೆ ತಯಾರಾಗಿರೋರು, ಪಿತ್ತಕೋಶದಲ್ಲಿ ಕಲ್ಲಿರೋರು ಡಾಕ್ಟರಿಗೆ ಹೇಳಲೇಬೇಕು."

"ತ್ರಿಕಟುವಿಗೂ ಇದೇ ಮಾತಾ?"

ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವನ್ನು ಬೇರೆ ಮದ್ದಿನ ಜತೆ ಬೆರೆಸಿದರೆ ಆ ಮದ್ದಿನ ಬಲ ಹೆಚ್ಚುತ್ತದೆಂದು ಆಯುರ್ವೇದ ಹೇಳುತ್ತ ಬಂದಿದೆ. ಅಧ್ಯಾಪಕಿಗೆ ಇದು ತಮ್ಮದೇ ಅಂಗಳ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಅರಿಶಿನದ ಕರ್ಕ್ಯುಮಿನ್ ಜತೆ ಮೆಣಸಿನ ಪೈಪೆರಿನ್ ಕೊಟ್ಟು ನೋಡಿದರು. ಆರೋಗ್ಯವಂತ ಮನುಷ್ಯರಲ್ಲಿ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತು. ಆ ಕೀರ್ತಿ ಮೆಣಸಿನದು, ಶುಂಠಿಯದಲ್ಲ. ಆದರೆ ತ್ರಿಕಟುವಿನಲ್ಲಿ ಮೆಣಸು ಇದ್ದೇ ಇರುತ್ತದೆ. ಅರಿಶಿನವನ್ನು ರಕ್ತಕ್ಕೆ ತಳ್ಳುವ ಶಕ್ತಿ ಅಪಸ್ಮಾರದ ಮಾತ್ರೆಯನ್ನೂ ತಳ್ಳಬಲ್ಲದು. "ಅದಕ್ಕೇ ತ್ರಿಕಟು ಕೇಳಿದವರಿಗೆ ನೀವು ಇನ್ನೊಂದು ಪ್ರಶ್ನೆ ಸೇರಿಸಿ: ಬೇರೆ ಮಾತ್ರೆ ಏನು ನುಂಗ್ತಿದ್ದೀರಿ?"

"ಸೇರಿಸ್ತೀನಿ," ಎಂದರು ಅಂಗಡಿಯವರು. "ಶೀತ, ಕೆಮ್ಮಿಗೆ ಮಾತ್ರ ಅನುಮಾನವೇ ಬೇಡ ಅಲ್ಲವಾ?"

"ಅಲ್ಲಿ ನಿಜವಾದ ಗುಣ ಯಾರದು ಅಂತ ಬಿಡಿಸಿ ನೋಡಬೇಕು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಶೀತವಾದ 30 ಮಂದಿಗೆ ಹಣ್ಣಿನ ಪಾನಕವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಹಾಗೇ ಕೊಟ್ಟರು. ಅದರಲ್ಲಿ ಶುಂಠಿ ಇರಲಿಲ್ಲ. ಬಿಸಿಯಾಗಿ ಕುಡಿದವರಿಗೆ ಗಂಟಲು ನೋವು, ಚಳಿ, ಸುಸ್ತು ಸಹ ಹಗುರಾಯಿತು. ನಮ್ಮ ಶುಂಠಿ ಕಷಾಯದಲ್ಲಿ ಬಿಸಿಯ ಪಾಲೂ ಇದೆ, ಬೆಲ್ಲದ ಪಾಲೂ ಇದೆ, ಖಾರದ ಪಾಲೂ ಇದೆ. ಕುಡಿದರೆ ಹಾಯೆನಿಸುತ್ತೆ, ಕುಡಿಯಲಿ. ಆದರೆ ನ್ಯುಮೋನಿಯಾ ಆಗಿರೋ ಮಗುವಿಗೆ ಕಷಾಯ ಕುಡಿಸ್ತಾ ಎರಡು ದಿನ ಕಳೆದರೆ ಅದು ಅಪಾಯ."

ಮುಟ್ಟಿನ ನೋವಿಗೂ ಶುಂಠಿಯ ಪರವಾಗಿ ಸಾಕ್ಷ್ಯವಿದೆ. ಇರಾನಿನಲ್ಲಿ 150 ವಿದ್ಯಾರ್ಥಿನಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ನಾಲ್ಕು ಸಲ 250 ಮಿಲಿಗ್ರಾಂ ಶುಂಠಿ, ಐಬುಪ್ರೊಫೆನ್ ಮತ್ತು ಮೆಫೆನಾಮಿಕ್ ಆಸಿಡ್‌ಗಳಷ್ಟೇ ನೋವು ತಗ್ಗಿಸಿತು. ಮದ್ದಿಲ್ಲದ ಗುಳಿಗೆಯ ಗುಂಪು ಅದರಲ್ಲಿರಲಿಲ್ಲ ಎಂಬುದನ್ನೂ ಅಧ್ಯಾಪಕಿ ಹೇಳಿದರು. ಮೊಣಕಾಲಿನ ಸಂಧಿವಾತಕ್ಕೆ ಸಿಕ್ಕ ಗುಣ ಅಲ್ಪ.

"ಮತ್ತೆ ಕ್ಯಾನ್ಸರ್?" ಅಂಗಡಿಯವರು ಮೊಬೈಲ್ ತೆರೆದು ತೋರಿಸಿದರು. ಶುಂಠಿ ಕೀಮೋಗಿಂತ ಹತ್ತು ಸಾವಿರ ಪಟ್ಟು ಬಲಶಾಲಿ ಎಂಬ ವಾಟ್ಸ್ಆ್ಯಪ್ ಸಂದೇಶ. "ಇದನ್ನು ಹಿಡಿದುಕೊಂಡು ಬರ್ತಾರೆ. ಒಬ್ಬರು ಆಸ್ಪತ್ರೆಗೆ ಹೋಗೋದನ್ನೇ ಬಿಟ್ಟಿದ್ದರು. ಎಷ್ಟು ಹೇಳಿ ಕಳಿಸಿದೆ ಗೊತ್ತಾ?"

ಅಧ್ಯಾಪಕಿಯ ದನಿ ಗಡುಸಾಯಿತು. "ನೀವು ಮಾಡಿದ್ದು ದೊಡ್ಡ ಉಪಕಾರ. ಆ ಸಂದೇಶದ ಹಿಂದೆ ಇರೋದು 2015ರ ಒಂದು ಪ್ರಯೋಗಾಲಯದ ಅಧ್ಯಯನ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ಶೋಗಾಲ್ ಸುರಿದು ನೋಡಿದ್ದು. ರೋಗಿ ಅದರಲ್ಲಿ ಒಬ್ಬರೂ ಇರಲಿಲ್ಲ. ನಾವು ತಿಂದ ಶುಂಠಿಯ ಶೋಗಾಲ್ ಕರುಳು, ಯಕೃತ್ತು ದಾಟುವಾಗಲೇ ಬಹುಪಾಲು ರೂಪ ಬದಲಿಸಿಕೊಂಡಿರುತ್ತೆ. ಕೀಮೋ ತಗೊಳ್ಳೋರ ವಾಕರಿಕೆಗೆ ಶುಂಠಿ ಜತೆಗಾರ ಆಗಬಹುದು. ಕೀಮೋ ಬದಲಿಗೆ ಅಂತ ಯಾರಾದರೂ ಹೇಳಿದರೆ ಅವರು ಜೀವ ತೆಗೀತಿದ್ದಾರೆ."

ಸ್ವಲ್ಪ ಹೊತ್ತು ಮಾತಿರಲಿಲ್ಲ. ಬಳಿಕ ಅಂಗಡಿಯವರು ಒಂದು ಕೋಡು ಶುಂಠಿ ಎತ್ತಿ ಮುರಿದರು. ಟಣ್ಣನೆ ಮುರಿಯಿತು. "ಇದು ಚೆನ್ನಾಗಿ ಒಣಗಿದ್ದು. ಬಾಗಿದರೆ ಒಳಗೆ ಪಸೆ ಇದೆ ಅಂತ ಅರ್ಥ, ಬೂಷ್ಟು ಬರುತ್ತೆ. ಸೂಜಿ ಚುಚ್ಚಿದ ಹಾಗೆ ತೂತಿದ್ದರೆ ಹುಳು ಹೊಕ್ಕಿದೆ. ಬೆಳ್ಳಗೆ ಹೊಳೆಯೋದು ಸುಣ್ಣದಲ್ಲಿ ಅದ್ದಿದ್ದು. ಹುಳು ಬರಲ್ಲ, ನೋಡೋಕೂ ಚೆಂದ, ಆದರೆ ಮದ್ದಿಗೆ ನಾನು ಕೊಡಲ್ಲ. ಪುಡಿ ಮಾತ್ರ ಕಣ್ಣಿಗೆ ಕಾಣದ ಮೋಸ. ಎಣ್ಣೆ ತೆಗೆದ ಚರಟವನ್ನೇ ಪುಡಿ ಮಾಡಿ ಮಾರ್ತಾರೆ, ವಾಸನೆಯೇ ಇರಲ್ಲ."

ಶುಂಠಿಯ ಹೆಸರಿನಲ್ಲಿ ನಡೆದ ಕಲಬೆರಕೆಯ ಅತಿ ಕ್ರೂರ ಪ್ರಸಂಗ ಅಮೆರಿಕದ್ದು. ಪಾನನಿಷೇಧದ ಕಾಲದಲ್ಲಿ ಅಲ್ಲಿ 'ಜಮೈಕಾ ಜಿಂಜರ್' ಎಂಬ ಶುಂಠಿ ಸಾರ ಹೊಟ್ಟೆನೋವಿನ ಔಷಧವಾಗಿ ಮಾರಾಟವಾಗುತ್ತಿತ್ತು. ಅದರಲ್ಲಿ ಮದ್ಯಸಾರದ ಪಾಲು ದೊಡ್ಡದಿದ್ದದ್ದರಿಂದ ಬಡವರು ಹೆಂಡದ ಬದಲಿಗೆ ಅದನ್ನು ಕುಡಿದರು. ಇದನ್ನು ತಡೆಯಲು ಸರ್ಕಾರ ಶುಂಠಿಯ ಅಂಶ ಸಾಕಷ್ಟಿರಬೇಕೆಂದು ನಿಯಮ ಮಾಡಿತು. ಪರೀಕ್ಷೆಯನ್ನು ವಂಚಿಸಲು ತಯಾರಕರು ಪ್ಲಾಸ್ಟಿಕ್ ಮೆದುಗೊಳಿಸುವ ಒಂದು ರಾಸಾಯನಿಕವನ್ನು ಬೆರೆಸಿದರು. ಅದು ನರಗಳ ವಿಷವಾಗಿತ್ತು. 1930ರಲ್ಲಿ ಹತ್ತಾರು ಸಾವಿರ ಜನರ ಕಾಲುಗಳು ಸ್ವಾಧೀನ ತಪ್ಪಿದವು. ಅನೇಕರು ಮತ್ತೆ ಸರಿಯಾಗಿ ನಡೆಯಲೇ ಇಲ್ಲ.

"ಅಷ್ಟು ದೂರ ಯಾಕೆ," ಅಂಗಡಿಯವರು ನಿಟ್ಟುಸಿರಿಟ್ಟರು. "ಸೊರಬ, ಸಾಗರದ ಕಡೆ ಶುಂಠಿ ಹಾಕಿದ ರೈತರನ್ನ ಕೇಳಿ. ಗಡ್ಡೆ ಕೊಳೆ ಬಂತು ಅಂದರೆ ಇಡೀ ಗದ್ದೆ ಹೋಗುತ್ತೆ. ಮಾಡಿದ ಸಾಲ ಕಣ್ಣ ಮುಂದೆ ನಿಲ್ಲುತ್ತೆ. ಔಷಧಿ ಹೊಡೆಯದೆ ಅವರಾದರೂ ಏನು ಮಾಡಬೇಕು? ಆದರೆ ಹೊಡೆದದ್ದು ಗಡ್ಡೆಯಲ್ಲಿ ಎಷ್ಟು ಉಳಿಯುತ್ತೆ ಅಂತ ನನಗೆ ಯಾರೂ ಹೇಳಿಲ್ಲ. ಬಾಣಂತಿಗೆ ಸೌಭಾಗ್ಯ ಶುಂಠಿ ಲೇಹ್ಯ ಮಾಡಲಿಕ್ಕೆ ನನ್ನ ಹತ್ತಿರವೇ ಶುಂಠಿ ತಗೊಂಡು ಹೋಗ್ತಾರೆ."

ಅಧ್ಯಾಪಕಿ ತುಸು ಯೋಚಿಸಿ ಹೇಳಿದರು: "ನಾನು ಇಷ್ಟು ಹೊತ್ತು ಹೇಳಿದ ಪ್ರಯೋಗಗಳ ದೊಡ್ಡ ಕೊರತೆಯೂ ಅದೇ ಯಜಮಾನ್ರೇ. ಎಷ್ಟೋ ವರದಿಗಳಲ್ಲಿ ಬರೀ 'ಶುಂಠಿ ಪುಡಿ' ಅಂತಿರುತ್ತೆ. ಯಾವ ತಳಿ, ಎಷ್ಟು ತಿಂಗಳಿಗೆ ಕಿತ್ತದ್ದು, ಹೇಗೆ ಒಣಗಿಸಿದ್ದು, ಅದರಲ್ಲಿ ಜಿಂಜೆರಾಲ್ ಎಷ್ಟು, ಶೋಗಾಲ್ ಎಷ್ಟು, ಏನೂ ಇರಲ್ಲ. ಒಂದು ಕಡೆ ಗುಣ ಕಂಡು, ಇನ್ನೊಂದು ಕಡೆ ಕಾಣದೆ ಹೋಗೋದಕ್ಕೆ ಇದೂ ಕಾರಣ ಇರಬಹುದು. ನಿಮ್ಮ ಹತ್ತಿರ ಈಗ ಎಷ್ಟು ತರಹದ ಒಣಶುಂಠಿ ಇದೆ?"

"ಮೂರು. ವಯನಾಡಿಂದ ಬಂದದ್ದು ಒಂದು. ಸಾಗರದ ಕಡೆಯ ಮನೆಯವರು ಸಿಪ್ಪೆ ಹೆರೆದು ಅಂಗಳದ ಬಿಸಿಲಲ್ಲಿ ಒಣಗಿಸಿದ್ದು ಒಂದು. ಅಡುಗೆಗೆ ಅಂತ ಕೇಳೋರಿಗೆ ಇಟ್ಟಿರೋ ಸುಣ್ಣದ್ದು ಒಂದು."

"ಮೂರರಿಂದಲೂ ನೂರು ನೂರು ಗ್ರಾಂ ಕೊಡಿ. ಪರೀಕ್ಷೆಗೆ ಕಳಿಸ್ತೀನಿ. ಖಾರದ ಅಂಶ, ಎಣ್ಣೆ, ತೇವ, ಕೀಟನಾಶಕದ ಶೇಷ, ಎಲ್ಲ ನೋಡೋಣ. ವರದಿಯ ಒಂದು ಪ್ರತಿ ನಿಮಗೆ."

ಅಂಗಡಿಯವರು ಮೂರು ಕಾಗದದ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ಊರು, ಬಂದ ತಿಂಗಳು ಬರೆದರು. "ಎಷ್ಟು ದಿನ ಒಣಗಿಸಿದರು ಅನ್ನೋದನ್ನ ಸಾಗರದವರಿಗೆ ಫೋನ್ ಮಾಡಿ ಕೇಳಿ ಹೇಳ್ತೀನಿ." ಆಮೇಲೆ ಒಳಗೆ ಹೋಗಿ ನಾಲ್ಕನೆಯ ಪೊಟ್ಟಣವನ್ನೂ ತಂದಿಟ್ಟರು. "ಇದು ಹಿಂದಿನ ವರ್ಷದ ಮೂಟೆಯದು. ಇದನ್ನೂ ಸೇರಿಸಿ."

"ಹಳೆಯದು ಯಾಕೆ?"

"ಇನ್ನೂ ಅರ್ಧ ಮೂಟೆ ಉಳಿದಿದೆ. ಅದರಲ್ಲಿ ಮದ್ದು ಉಳಿದಿಲ್ಲ ಅಂತ ನಿಮ್ಮ ವರದಿ ಹೇಳಿದರೆ ಮಾರೋದು ನಿಲ್ಲಿಸ್ತೀನಿ."